ಕಡಿಮೆ ಬಜೆಟ್‌ನ ಸೇಡಿನ ಚಿತ್ರ: ಪ್ರೇಕ್ಷಕರ ಅಭಿಪ್ರಾಯವನ್ನು ಓದುವ ಬಗೆ, ಬರೆಯುವ ಬಗೆ

ಸಣ್ಣ ಬಂಡವಾಳದ ಕ್ರೈಂ ಥ್ರಿಲ್ಲರ್ ಒಂದು ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದರ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳು ಸಾಲುಗಟ್ಟುತ್ತವೆ. "ಮಾತು ಕೇಳಿಸುವುದಿಲ್ಲ, ನಟರು ಯಾರೋ ಗೊತ್ತಿಲ್ಲ, ರಾತ್ರಿ ದೃಶ್ಯಗಳಲ್ಲಿ ಏನೂ ಕಾಣುವುದಿಲ್ಲ, ಸಮಯ ಹಾಳು" ಎಂಬುದು ಒಂದು. "ಇಷ್ಟು ಕಡಿಮೆ ದುಡ್ಡಿನಲ್ಲಿ ಇಂಥ ಚಿತ್ರ ಮಾಡಿದ್ದಾರಲ್ಲ, ಹತ್ತಕ್ಕೆ ಹತ್ತು" ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಎಣ್ಣೆ ಸೀಗೆಕಾಯಿಯಂತೆ ಕಾಣುವ ಈ ಎರಡೂ ಅಭಿಪ್ರಾಯಗಳು ಮಾತನಾಡುತ್ತಿರುವುದು ದುಡ್ಡಿನ ಬಗ್ಗೆಯೇ. ತನ್ನವರನ್ನು ಕಳೆದುಕೊಂಡ ಒಬ್ಬ ಮನುಷ್ಯ ಸೇಡಿಗೆ ಹೊರಟ ಕಥೆ ನಮ್ಮನ್ನು ತಟ್ಟಿತೇ, ತಟ್ಟಿದ್ದರೆ ಯಾವ ದೃಶ್ಯದಲ್ಲಿ, ತಟ್ಟದಿದ್ದರೆ ಎಲ್ಲಿ ಕೈಜಾರಿತು ಎಂಬುದರ ಬಗ್ಗೆ ಎರಡೂ ಬಾಯಿ ಬಿಡುವುದಿಲ್ಲ. ಇಂಥ ಚಿತ್ರವನ್ನು ನೋಡಬೇಕೇ ಬೇಡವೇ ಎಂದು ಇತರರ ಮಾತಿನಿಂದ ತೀರ್ಮಾನಿಸುವವರಿಗೂ, ನೋಡಿದ ಮೇಲೆ ನಾಲ್ಕು ಸಾಲು ಬರೆಯಬೇಕೆನ್ನುವವರಿಗೂ ಉಪಯೋಗವಾಗುವ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಬಜೆಟ್ಟಿನ ಮಾತನ್ನು ಅದರ ಜಾಗದಲ್ಲಿ ಇಡಿ

"ಕಡಿಮೆ ಬಜೆಟ್" ಎಂಬ ಮಾತಿಗೆ ಗೊತ್ತಾದ ಅಳತೆಯಿಲ್ಲ. ರಾಬರ್ಟ್ ರೋಡ್ರಿಗಸ್ ಅವರ 1992ರ "ಎಲ್ ಮರಿಯಾಚಿ" ಚಿತ್ರದ ಚಿತ್ರೀಕರಣಕ್ಕೆ ತಗುಲಿದ್ದು ಸುಮಾರು 7,000 ಡಾಲರ್. ಕ್ರಿಸ್ಟೋಫರ್ ನೋಲನ್ ಅವರ ಮೊದಲ ಚಿತ್ರ "ಫಾಲೋಯಿಂಗ್" (1998) ಸುಮಾರು 6,000 ಡಾಲರ್‌ನಲ್ಲಿ, ಕಪ್ಪು ಬಿಳುಪಿನ 16 ಎಂಎಂ ಫಿಲ್ಮಿನಲ್ಲಿ, ಎಲ್ಲರಿಗೂ ಬೇರೆ ಉದ್ಯೋಗವಿದ್ದುದರಿಂದ ವಾರಾಂತ್ಯಗಳಲ್ಲಿ ಮಾತ್ರ ಕೆಲಸ ಮಾಡುತ್ತ ಸುಮಾರು ಒಂದು ವರ್ಷದಲ್ಲಿ ಮುಗಿಯಿತು. ಇದೇ ಹಣೆಪಟ್ಟಿಯನ್ನು ಲಕ್ಷಾಂತರ ಡಾಲರ್ ವೆಚ್ಚದ ಚಿತ್ರಗಳಿಗೂ ಹಚ್ಚುತ್ತಾರೆ. ಆದ್ದರಿಂದ ಯಾರಾದರೂ "ಬಜೆಟ್ ಕಡಿಮೆ, ಅದಕ್ಕೇ ಹೀಗಿದೆ" ಎಂದು ಬರೆದಿದ್ದರೆ ಎಷ್ಟು ಕಡಿಮೆ ಎಂಬುದು ಅವರಿಗೆ ತಿಳಿದಿತ್ತೇ, ಇಲ್ಲವೇ ಚಿತ್ರ ನೋಡಿ ಊಹಿಸಿಕೊಂಡರೇ ಎಂದು ಗಮನಿಸಿ. ಬಹುತೇಕ ಅಭಿಪ್ರಾಯಗಳಲ್ಲಿ ಅದು ಊಹೆಯೇ ಆಗಿರುತ್ತದೆ.

ಅಂಕಿಗಿಂತ ಹೆಚ್ಚು ಉಪಯುಕ್ತವಾದ ಪ್ರಶ್ನೆ ಇನ್ನೊಂದಿದೆ: ಕಣ್ಣಿಗೆ ಬಿದ್ದ ಈ ದೋಷ ದುಡ್ಡು ಸುರಿದಿದ್ದರೆ ಸರಿಹೋಗುತ್ತಿತ್ತೇ? ರಾತ್ರಿಯ ಬೀದಿಯನ್ನು ಬೆಳಗಿಸಲು ಲೈಟು, ಜನರೇಟರ್, ಅವನ್ನು ನಿಭಾಯಿಸುವ ಜನ ಬೇಕು. ಇವೆಲ್ಲಕ್ಕೂ ದುಡ್ಡು ಬೇಕು. ಗುಂಡೇಟಿನ ದೃಶ್ಯಕ್ಕೆ ಸಾಹಸ ನಿರ್ದೇಶಕರು, ಸಿಡಿಯುವ ಸಲಕರಣೆ, ಪ್ರತಿ ಟೇಕಿಗೂ ಬದಲಾಯಿಸಲು ಒಂದೇ ಬಗೆಯ ನಾಲ್ಕಾರು ಅಂಗಿ ಬೇಕು. ಆದರೆ ನಾಯಕ ಮೂರನೆಯ ಕೊಲೆಗಾರನ ವಿಳಾಸವನ್ನು ಹೇಗೆ ಪತ್ತೆ ಹಚ್ಚಿದ ಎಂಬುದನ್ನು ಚಿತ್ರ ಹೇಳುವುದಿಲ್ಲವೆಂದರೆ ಅದಕ್ಕೆ ಕಾಸಿನ ಕೊರತೆ ಕಾರಣವಲ್ಲ. ಚಿತ್ರಕಥೆ ಬರೆಯುವ ಮೇಜಿನ ಮೇಲೆ ಕಾಗದಕ್ಕೂ ಲೇಖನಿಗೂ ಬರವಿರುವುದಿಲ್ಲ. ಮೊದಲನೆಯ ಬಗೆಯ ದೋಷಕ್ಕೆ ರಿಯಾಯಿತಿ ಕೊಡಿ, ಎರಡನೆಯದಕ್ಕೆ ಕೊಡಬೇಡಿ. ನಾನು ಓದುವ, ಬರೆಯುವ ಪ್ರತಿ ಅಭಿಪ್ರಾಯದಲ್ಲಿಯೂ ಮೊದಲು ಎಳೆದುಕೊಳ್ಳುವ ಗೆರೆ ಇದು.

ಇವೆರಡರ ನಡುವೆ ಮೂರನೆಯ ಬಗೆಯೂ ಇದೆ, ಅದೇ ಹೆಚ್ಚು ಸ್ವಾರಸ್ಯದ್ದು. ಕೊರತೆಯನ್ನೇ ಕಥೆಯ ಅನುಕೂಲಕ್ಕೆ ತಿರುಗಿಸಿಕೊಂಡ ಸಂದರ್ಭಗಳವು. "ಎಲ್ ಮರಿಯಾಚಿ"ಯಲ್ಲಿ ಕ್ಯಾಮೆರಾದೊಂದಿಗೆ ಧ್ವನಿಯನ್ನು ಹಿಡಿಯುವ ವ್ಯವಸ್ಥೆ ಇರಲಿಲ್ಲ. ಶಾಟ್ ಮುಗಿದ ಮೇಲೆ ಅದೇ ಮಾತನ್ನು ನಟರಿಂದ ಮತ್ತೆ ಆಡಿಸಿ ಬೇರೆಯಾಗಿ ಮುದ್ರಿಸಿಕೊಂಡು, ಆಮೇಲೆ ಚಿತ್ರಕ್ಕೆ ಹೊಂದಿಸಿದರು. ತುಟಿಗೂ ಮಾತಿಗೂ ತಾಳ ತಪ್ಪಿದಲ್ಲೆಲ್ಲ ನಿರ್ದೇಶಕರು ಬೇರೊಂದು ಶಾಟ್‌ಗೆ ಜಿಗಿದರು. ಆ ಚಿತ್ರದ ಚುರುಕಾದ ಸಂಕಲನದಲ್ಲಿ ಒಂದು ಪಾಲು ಹೀಗೆ ಬಂದದ್ದು. ಅದನ್ನು ನೋಡಿದವರು ವೇಗವನ್ನು ಮೆಚ್ಚಿದರೇ ಹೊರತು ಧ್ವನಿಯ ಬಡತನವನ್ನು ಲೆಕ್ಕ ಹಾಕಲಿಲ್ಲ. ಸಣ್ಣ ಚಿತ್ರವೊಂದರಲ್ಲಿ ಇಂಥ ಜಾಣ್ಮೆ ಕಂಡರೆ ಅದನ್ನು ಹೆಸರಿಸಿ ಹೊಗಳಬೇಕು. "ಕಷ್ಟಪಟ್ಟಿದ್ದಾರೆ" ಎಂಬ ಸಾರಾಸಗಟು ಹೊಗಳಿಕೆಗಿಂತ ಅದು ಎಷ್ಟೋ ಮೇಲು.

ಅಂಕಿಯನ್ನು ಎಷ್ಟು ನಂಬಬೇಕು

ದೊಡ್ಡ ಚಿತ್ರಕ್ಕೆ ಲಕ್ಷಾಂತರ ಮಂದಿ ರೇಟಿಂಗ್ ಕೊಟ್ಟಿರುತ್ತಾರೆ. ಸಣ್ಣ ಚಿತ್ರಕ್ಕೆ ನಲವತ್ತೋ ನಾನೂರೋ ಮಂದಿ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. ಚಿತ್ರ ನೋಡಿದ 30 ಮಂದಿ ತಲಾ 5 ಅಂಕ ಕೊಟ್ಟರೆಂದೂ, ಚಿತ್ರತಂಡದ 10 ಮಂದಿ ಸ್ನೇಹಿತರು ತಲಾ 10 ಕೊಟ್ಟರೆಂದೂ ಇಟ್ಟುಕೊಳ್ಳಿ. ಒಟ್ಟು 250 ಅಂಕವನ್ನು 40ರಿಂದ ಭಾಗಿಸಿದರೆ ಸರಾಸರಿ 6.25 ಬರುತ್ತದೆ. ಅದೇ ಹತ್ತು ಸ್ನೇಹಿತರು 3,000 ಸಾಮಾನ್ಯ ಪ್ರೇಕ್ಷಕರ ನಡುವೆ ಸೇರಿದರೆ ಸರಾಸರಿ 5.02ರ ಹತ್ತಿರ ನಿಲ್ಲುತ್ತದೆ. ಬಿಡುಗಡೆಯ ಮೊದಲ ವಾರದ ಅಂಕಿ, ಅದು ಮೇಲಿರಲಿ ಕೆಳಗಿರಲಿ, ಚಿತ್ರತಂಡಕ್ಕೆ ಹತ್ತಿರದವರ ಅಥವಾ ಅದರೊಡನೆ ಮುನಿಸಿಕೊಂಡವರ ಅಂಕಿಯಾಗಿರುವ ಸಂಭವ ಹೆಚ್ಚು. ಐಎಂಡಿಬಿಯಂಥ ತಾಣಗಳು ಬರಿಯ ಸರಾಸರಿಯನ್ನು ತೋರಿಸದೆ ಮತಗಳಿಗೆ ತೂಕ ಕಟ್ಟಿ ಲೆಕ್ಕ ಹಾಕುವುದು ಇಂಥ ವಾಲಿಕೆಯನ್ನು ತಗ್ಗಿಸುವುದಕ್ಕಾಗಿಯೇ. ಆದರೂ ಮತಗಳೇ ಬೆರಳೆಣಿಕೆಯಷ್ಟಿದ್ದಾಗ ಯಾವ ಸೂತ್ರವೂ ಹೆಚ್ಚಿನದನ್ನು ಮಾಡಲಾರದು.

ಸರಾಸರಿಗಿಂತ ಹಂಚಿಕೆಯನ್ನು ನೋಡುವುದು ಲೇಸು. ಎಷ್ಟು ಮಂದಿ 1 ಕೊಟ್ಟರು, ಎಷ್ಟು ಮಂದಿ 10 ಕೊಟ್ಟರು ಎಂಬ ಕಂಬಗಳ ಚಿತ್ರ ಹಲವು ತಾಣಗಳಲ್ಲಿ ಸಿಗುತ್ತದೆ. ಸೇಡಿನ ಚಿತ್ರಗಳಲ್ಲಿ ಎರಡು ತುದಿಗಳಲ್ಲಿ ಎತ್ತರದ ಕಂಬ, ನಡುವೆ ತಗ್ಗು ಕಾಣಿಸಿದರೆ ಅಲ್ಲಿ ಸಾಮಾನ್ಯವಾಗಿ ಹಿಂಸೆಯ ಬಗೆಗೋ ಅಂತ್ಯದ ಬಗೆಗೋ ಜಗಳವಿರುತ್ತದೆ. ಹತ್ತು ಮಂದಿ 1, ಹತ್ತು ಮಂದಿ 10 ಕೊಟ್ಟಾಗ ಬರುವ 5.5 ಎಂಬ ಸರಾಸರಿ ಯಾರೊಬ್ಬರ ಅಭಿಪ್ರಾಯವೂ ಅಲ್ಲ. ಶೇಕಡಾವಾರು ಅಂಕಿಯ ಅರ್ಥ ಬೇರೆಯದು. ರಾಟನ್ ಟೊಮ್ಯಾಟೋಸ್ ಎಂಬ ವಿಮರ್ಶಾ ತಾಣದಲ್ಲಿ ಪ್ರೇಕ್ಷಕರ ಅಂಕ ಎಂದರೆ ಐದಕ್ಕೆ ಮೂರೂವರೆ ನಕ್ಷತ್ರ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರ ಪ್ರಮಾಣ. ಎಲ್ಲರೂ ಅಷ್ಟಕ್ಕಷ್ಟೇ ಎಂಬಂತೆ ಮೂರೂವರೆ ಕೊಟ್ಟ ಚಿತ್ರಕ್ಕೂ ಅಲ್ಲಿ ಶೇ. 100 ಬರಬಲ್ಲದು. ಎಷ್ಟು ಮಂದಿಗೆ ಹಿಡಿಸಿತು ಎಂಬುದನ್ನು ಆ ಅಂಕಿ ಹೇಳುತ್ತದೆಯೇ ಹೊರತು ಎಷ್ಟರಮಟ್ಟಿಗೆ ಹಿಡಿಸಿತು ಎಂಬುದನ್ನು ಹೇಳುವುದಿಲ್ಲ.

ಅಂಕಿಗೆ ಇದಕ್ಕಿಂತ ಹೆಚ್ಚು ಹೊತ್ತು ಕೊಡುವುದು ಬೇಡ. ಬರಹಕ್ಕೆ ಬರೋಣ.

ಪದೇ ಪದೇ ಬರುವ ನಾಲ್ಕು ದೂರುಗಳು

ಅಭಿಪ್ರಾಯಗಳನ್ನು ಓದುವಾಗ ಐದಕ್ಕೆ ಎರಡೂವರೆ, ಮೂರು ಕೊಟ್ಟವರಿಂದ ಆರಂಭಿಸುವುದು ನನ್ನ ರೂಢಿ. ಪೂರ್ತಿ ಮೆಚ್ಚಿದವರಿಗೂ ಪೂರ್ತಿ ಜರೆದವರಿಗೂ ಕಾರಣ ಕೊಡುವ ಒತ್ತಡವಿರುವುದಿಲ್ಲ. ನಡುವೆ ನಿಂತವರು ಮಾತ್ರ ತಾವೇಕೆ ಅಲ್ಲಿ ನಿಂತೆವೆಂದು ವಿವರಿಸಬೇಕಾಗುತ್ತದೆ, ಹಾಗೆ ವಿವರಿಸುವಾಗ ಒಂದೆರಡು ದೃಶ್ಯಗಳನ್ನು ಹೆಸರಿಸಿಯೇ ತೀರುತ್ತಾರೆ. ದೃಶ್ಯವೊಂದನ್ನೂ ಹೆಸರಿಸದ ಅಭಿಪ್ರಾಯವನ್ನು, ಅದು ಎಷ್ಟೇ ಉದ್ದವಿರಲಿ, ನಾನು ದಾಟಿಕೊಂಡು ಹೋಗುತ್ತೇನೆ.

ಈ ಬಗೆಯ ಚಿತ್ರಗಳಿಗೆ ಬರುವ ದೂರುಗಳಲ್ಲಿ ನಾಲ್ಕು ಮತ್ತೆ ಮತ್ತೆ ಕಾಣಿಸುತ್ತವೆ. ಅವುಗಳನ್ನು ಹಾಗೆಯೇ ನಂಬದೆ ಬಿಡಿಸಿ ಓದಬೇಕು.

"ಕಥೆ ಮೊದಲೇ ಗೊತ್ತಾಗುತ್ತದೆ" ಎಂಬುದು ಎಲ್ಲಕ್ಕಿಂತ ಸಾಮಾನ್ಯವಾದದ್ದು. ಆದರೆ ಸೇಡಿನ ಕಥೆ ಎಂದರೆ ಅನ್ಯಾಯ, ಶೋಧ, ಮುಖಾಮುಖಿ ಎಂಬ ಮೂರು ಮೆಟ್ಟಿಲ ಕಥೆ. ನಾಯಕ ಖಳನ ಎದುರು ನಿಲ್ಲುತ್ತಾನೆ ಎಂಬುದು ಟ್ರೇಲರ್ ನೋಡುವಾಗಲೇ ಗೊತ್ತಿರುತ್ತದೆ. ಅದು ಗೊತ್ತಿದ್ದೇ ಟಿಕೆಟ್ ಕೊಂಡಿರುತ್ತೇವೆ. ಹಾಗಿದ್ದೂ ಪ್ರೇಕ್ಷಕರೊಬ್ಬರು ಹೀಗೆ ದೂರಿದರೆ ಅವರ ಬೇಸರದ ಮೂಲ ಬೇರೆಲ್ಲೋ ಇರುತ್ತದೆ. ಕೊನೆ ಗೊತ್ತಿದ್ದರೂ ದಾರಿಯಲ್ಲಿ ನಾಯಕನಿಗೆ ಅಡ್ಡಿಯೇ ಬರಲಿಲ್ಲವೇ? ಅವನು ಹುಡುಕಿದವರೆಲ್ಲ ಹುಡುಕಿದ ತಕ್ಷಣ ಸಿಕ್ಕಿಬಿಟ್ಟರೇ? ಸೇಡಿನಿಂದ ಅವನು ಏನನ್ನೂ ಕಳೆದುಕೊಳ್ಳಲಿಲ್ಲವೇ? ಜೆರೆಮಿ ಸಾಲ್ನಿಯರ್ ಅವರ "ಬ್ಲೂ ರೂಯಿನ್" 2013ರಲ್ಲಿ ಕಾನ್ ಚಿತ್ರೋತ್ಸವದ ನಿರ್ದೇಶಕರ ಪಾಕ್ಷಿಕ ವಿಭಾಗದಲ್ಲಿ ಪ್ರದರ್ಶನಗೊಂಡು ಅಂತಾರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆಯಿತು. ಅದರ ವೆಚ್ಚದ ಒಂದು ಭಾಗ ಸಾರ್ವಜನಿಕರ ದೇಣಿಗೆಯಿಂದ ಬಂದದ್ದು. ಅದರ ಕಥೆಯೂ ಅನ್ಯಾಯ, ಶೋಧ, ಮುಖಾಮುಖಿಯದೇ. ಆದರೆ ಅದರ ನಾಯಕನಿಗೆ ಕೊಲ್ಲುವ ಕಲೆ ಗೊತ್ತಿಲ್ಲ. ಕಾಲಿಗೆ ಚುಚ್ಚಿಕೊಂಡ ಬಾಣವನ್ನು ತಾನೇ ಕಿತ್ತುಕೊಳ್ಳಲು ಹೋಗಿ, ಆಗದೆ, ಆಸ್ಪತ್ರೆಯ ಬಾಗಿಲು ತಟ್ಟುತ್ತಾನೆ. ಸೇಡಿನ ಚಿತ್ರಗಳ ನಾಯಕರು ಹಲ್ಲು ಕಚ್ಚಿ ಗುಂಡು ಹೊರತೆಗೆದುಕೊಳ್ಳುವುದನ್ನು ನೂರು ಸಲ ಕಂಡವರಿಗೆ ಈ ಒಂದು ಸಣ್ಣ ಸೋಲು ಸಾಕು. ಮುಂದೇನಾಗುವುದೋ ಎಂಬ ಆತಂಕ ಅಲ್ಲಿಂದಲೇ ಹುಟ್ಟುತ್ತದೆ. ಆದ್ದರಿಂದ "ಮೊದಲೇ ಗೊತ್ತಾಯಿತು" ಎಂಬ ಮಾತನ್ನು ಕಂಡಾಗ, ಅದೇ ಚಿತ್ರದ ಇತರ ಅಭಿಪ್ರಾಯಗಳಲ್ಲಿ ನಾಯಕನ ತಪ್ಪುಗಳ ಪ್ರಸ್ತಾಪವಿದೆಯೇ ಎಂದು ಹುಡುಕಿ. ಇದ್ದರೆ ಚಿತ್ರ ನೋಡಲು ಯೋಗ್ಯವಾಗಿರುವ ಸಾಧ್ಯತೆಯಿದೆ. ನಾಯಕ ಒಮ್ಮೆಯೂ ಎಡವಲಿಲ್ಲವೆಂದು ಎಲ್ಲರೂ ಸೂಚಿಸುತ್ತಿದ್ದರೆ ದೂರು ನಿಜವೇ ಸರಿ.

"ಮೊದಲಾರ್ಧ ಲ್ಯಾಗ್" ಎಂಬುದು ಎರಡನೆಯದು. ಸೇಡಿನ ಚಿತ್ರಕ್ಕೆ ನಷ್ಟವನ್ನು ನಮ್ಮದಾಗಿಸಲು ಹೊತ್ತು ಬೇಕು. ನಾಯಕನ ಅಕ್ಕನನ್ನು ಐದನೆಯ ನಿಮಿಷದಲ್ಲಿ ಕೊಲ್ಲಿಸಿ ಆರನೆಯ ನಿಮಿಷದಿಂದ ಹೊಡೆದಾಟ ಆರಂಭಿಸಿದರೆ, ಸತ್ತವಳು ಯಾರೆಂಬುದೇ ನಮಗೆ ತಿಳಿದಿರುವುದಿಲ್ಲ. ಅವಳ ಸಾವು ಮುಂದಿನ ದೃಶ್ಯಕ್ಕೊಂದು ನೆಪವಾಗುತ್ತದೆ. ನಿಧಾನವೆಂದು ದೂರಿದವರು ಆ ಹೊತ್ತಿನಲ್ಲಿ ಪರದೆಯ ಮೇಲೆ ಏನಿತ್ತೆಂದು ಹೇಳಿದ್ದಾರೆಯೇ ನೋಡಿ. ಮನೆಯವರ ಒಡನಾಟವಿದ್ದರೆ ಅದು ನಿಧಾನವಲ್ಲ, ತಳಪಾಯ. ನಾಯಕ ಬೈಕಿನಲ್ಲಿ ಹೋಗುವ, ಕಿಟಕಿಯಿಂದ ಹೊರಗೆ ನೋಡುವ, ಹಿನ್ನೆಲೆ ಸಂಗೀತದೊಂದಿಗೆ ನಡೆಯುವ ಶಾಟ್‌ಗಳೇ ತುಂಬಿದ್ದರೆ ಚಿತ್ರದ ಅವಧಿಯನ್ನು ಎಳೆಯುವ ಪ್ರಯತ್ನವೆಂದು ತಿಳಿಯಬಹುದು. ಸಣ್ಣ ಚಿತ್ರಗಳಲ್ಲಿ ಈ ಎಳೆತ ಅಪರೂಪವೇನಲ್ಲ, ಏಕೆಂದರೆ ನಡೆಯುವ ಶಾಟ್ ಅಗ್ಗ.

"ಪೊಲೀಸರು ಎಲ್ಲಿ ಹೋದರು?" ಎಂಬುದು ಮೂರನೆಯದು. ಇದು ಬಹುಮಟ್ಟಿಗೆ ನ್ಯಾಯವಾದ ದೂರು. ಕಾನೂನು ಏಕೆ ಕೆಲಸಕ್ಕೆ ಬರಲಿಲ್ಲ ಎಂಬುದಕ್ಕೆ ಒಂದೇ ಒಂದು ನಂಬುವಂಥ ಉತ್ತರ ಇಲ್ಲದಿದ್ದರೆ ಇಡೀ ಸೇಡಿಗೆ ಆಧಾರವೇ ಇಲ್ಲ. ಆ ಉತ್ತರಕ್ಕೆ ಠಾಣೆಯ ಸೆಟ್ ಹಾಕಬೇಕಾಗಿಲ್ಲ. ಯಾರೂ ಎತ್ತದ ಒಂದು ಫೋನ್ ಕರೆ, ಸಾಕ್ಷಿ ಹೇಳಲು ಹೆದರಿದ ಒಬ್ಬ ನೆರೆಯವನು ಸಾಕು.

"ಹೊಡೆದಾಟ ತೋರಿಸಿಯೇ ಇಲ್ಲ" ಎಂಬುದು ನಾಲ್ಕನೆಯದು. ಬಾಗಿಲು ಮುಚ್ಚಿಕೊಳ್ಳುತ್ತದೆ, ಒಳಗಿನ ಸದ್ದು ಮಾತ್ರ ಕೇಳುತ್ತದೆ, ಹೊರಬಂದವನ ಅಂಗಿಯ ತೋಳು ಒದ್ದೆಯಾಗಿರುತ್ತದೆ. ಇದು ಖರ್ಚು ಉಳಿಸುವ ಉಪಾಯವೂ ಹೌದು, ಕೆಲವೊಮ್ಮೆ ತೋರಿಸುವುದಕ್ಕಿಂತ ಹೆಚ್ಚು ನಡುಗಿಸುವ ವಿಧಾನವೂ ಹೌದು. ಕ್ಯಾಮೆರಾ ಬಾಗಿಲ ಹೊರಗೆ ನಿಂತಾಗ ಅಲ್ಲಿ ಯಾರ ಮುಖವಿತ್ತು, ಆ ಮುಖದಲ್ಲಿ ಏನು ನಡೆಯಿತು ಎಂದು ಯಾರಾದರೂ ಬರೆದಿದ್ದರೆ ಆ ಉಪಾಯ ಫಲಿಸಿದೆಯೆಂದು ಅರ್ಥ.

ಬರೆಯುವ ಉದ್ದೇಶದಿಂದ ನೋಡುವಾಗ

ಅಭಿಪ್ರಾಯ ಬರೆಯಬೇಕೆಂದಿದ್ದರೆ ಚಿತ್ರ ಶುರುವಾಗುವ ಮುನ್ನ ನಿಮ್ಮ ಸಲಕರಣೆಯನ್ನು ಪರೀಕ್ಷಿಸಿಕೊಳ್ಳಿ. ಮನೆಯಲ್ಲಿ ಒಟಿಟಿಯಲ್ಲಿ ನೋಡುವವರಿಗೆ ಇದು ಮುಖ್ಯ. ಚಿತ್ರಮಂದಿರದ ಹಲವು ಸ್ಪೀಕರುಗಳಿಗೆಂದು ಮಿಶ್ರಣ ಮಾಡಿದ ಧ್ವನಿಪಥದಲ್ಲಿ ಮಾತು ಮುಖ್ಯವಾಗಿ ನಡುವಿನ ಸ್ಪೀಕರಿಗೆ ಮೀಸಲಾಗಿರುತ್ತದೆ; ಅದನ್ನು ಟಿವಿಯ ಎರಡು ಸಣ್ಣ ಸ್ಪೀಕರುಗಳಲ್ಲಿ ಕೇಳುವಾಗ ಮಾತು ತಗ್ಗಿ ಸಂಗೀತ ಅಬ್ಬರಿಸಬಹುದು. ಧ್ವನಿಯ ಆಯ್ಕೆಯನ್ನು ಸ್ಟೀರಿಯೋಗೆ ಬದಲಿಸಿ ಇಲ್ಲವೇ ಹೆಡ್‌ಫೋನ್ ಹಾಕಿಕೊಂಡು ನೋಡಿ. ಕತ್ತಲ ದೃಶ್ಯಗಳಲ್ಲಿಯೂ ಇದೇ ಕಥೆ: ಇಂಟರ್ನೆಟ್ ನಿಧಾನವಾದಾಗ ಚಿತ್ರದ ಗುಣಮಟ್ಟ ಇಳಿಯುತ್ತದೆ, ಆಗ ಮೊದಲು ಹಾಳಾಗುವುದು ಕಪ್ಪು ಭಾಗಗಳು. ಅವು ಚೌಕ ಚೌಕವಾಗಿಯೋ ಪಟ್ಟೆ ಪಟ್ಟೆಯಾಗಿಯೋ ಒಡೆದು ಕಾಣುತ್ತವೆ. ಇಂಥ ಚಿತ್ರವೊಂದರ ಸಂಭಾಷಣೆ ಕೇಳಿಸುವುದಿಲ್ಲವೆಂದು ಒಮ್ಮೆ ಕಟುವಾಗಿ ಬರೆದಿದ್ದೆ. ವಾರದ ಬಳಿಕ ಬೇರೊಂದು ಚಿತ್ರಕ್ಕೂ ಅದೇ ತೊಂದರೆ ಕಾಣಿಸಿದಾಗಲೇ ತಪ್ಪು ನನ್ನ ಟಿವಿಯ ಸೆಟ್ಟಿಂಗಿನದೆಂದು ತಿಳಿದದ್ದು. ಅಭಿಪ್ರಾಯವನ್ನು ತಿದ್ದಿದೆ, ಆದರೆ ಅಷ್ಟರಲ್ಲಿ ಅದನ್ನು ಓದಿದವರು ಓದಿಯಾಗಿತ್ತು.

ಸಲಕರಣೆ ಸರಿಯಿದೆಯೆಂದು ಖಾತ್ರಿಯಾದ ಮೇಲೂ ಧ್ವನಿ ಕೆಟ್ಟಿದ್ದರೆ ಅದನ್ನು ಧಾರಾಳವಾಗಿ ಹೇಳಬಹುದು, ಆದರೆ ಹೇಗೆ ಕೆಟ್ಟಿದೆಯೆಂದು ಗುರುತಿಸಿ ಹೇಳಿ. ಖಾಲಿ ಕೋಣೆಯಲ್ಲಿ ಮೈಕನ್ನು ದೂರ ಇಟ್ಟು ಮುದ್ರಿಸಿದ ಮಾತು ಬಾವಿಯೊಳಗಿಂದ ಬಂದಂತೆ ಪ್ರತಿಧ್ವನಿಸುತ್ತದೆ. ಆಮೇಲೆ ಡಬ್ ಮಾಡಿದ ಮಾತು ಸ್ಪಷ್ಟವಾಗಿದ್ದರೂ ಸುತ್ತಲಿನ ಸದ್ದಿಲ್ಲದೆ ಪರದೆಯಿಂದ ಕಿತ್ತುಕೊಂಡು ನಿಂತಂತಿರುತ್ತದೆ. ಎರಡರ ನಡುವೆ ಚಿತ್ರ ಅಡಿಗಡಿಗೆ ಹಾರಿದರೆ ಕಿವಿಗೆ ದಣಿವಾಗುತ್ತದೆ. ಚಿತ್ರ ಮಸುಕಾಗಿದ್ದರೆ ಪ್ರೇಕ್ಷಕರು ಹೊಂದಿಕೊಳ್ಳುತ್ತಾರೆ, ಅದೂ ಶೈಲಿಯಿರಬಹುದೆಂದು ಒಪ್ಪಿಬಿಡುತ್ತಾರೆ. ಮಾತು ಮಸುಕಾದರೆ ಹೊಂದಿಕೊಳ್ಳುವುದಿಲ್ಲ. ಸಣ್ಣ ಚಿತ್ರಗಳ ನೆಗೆಟಿವ್ ಅಭಿಪ್ರಾಯಗಳಲ್ಲಿ ಧ್ವನಿಯ ದೂರು ಇಷ್ಟೊಂದು ಕಾಣಿಸುವುದು ಇದರಿಂದಲೇ.

ನೋಡುವಾಗ ಪುಟಗಟ್ಟಲೆ ಟಿಪ್ಪಣಿ ಬೇಡ. ಮೂರೇ ಮೂರು ಕಡೆ ಸಮಯವನ್ನು ಗುರುತು ಹಾಕಿಕೊಂಡರೆ ಸಾಕು: ಅನ್ಯಾಯ ನಡೆದ ನಿಮಿಷ, ನಾಯಕ ಸಾಮಾನ್ಯ ಮನುಷ್ಯನಾಗಿ ಹಿಂದಿರುಗಲಾರದಂಥ ಹೆಜ್ಜೆಯಿಟ್ಟ ನಿಮಿಷ, ನಿಮಗೆ ಮೊದಲ ಸಲ ಬೇಸರವಾಗಿ ಗಡಿಯಾರ ನೋಡಿದ ನಿಮಿಷ. ಕೊನೆಯದನ್ನು ಮರೆಯದೆ ಬರೆದುಕೊಳ್ಳಿ, ಏಕೆಂದರೆ ಚಿತ್ರ ಮುಗಿದ ಮೇಲೆ ಕ್ಲೈಮ್ಯಾಕ್ಸ್‌ನ ಬಿಸಿಯಲ್ಲಿ ಅದು ನೆನಪಿನಿಂದ ಅಳಿಸಿಹೋಗುತ್ತದೆ.

ಹತ್ತಿರದಿಂದ ನೋಡಬೇಕಾದ ದೃಶ್ಯ ಎಂಥದೆಂಬುದಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಕ್ಕನನ್ನು ಕೊಂದವನ ಮುಖವನ್ನು ಒಮ್ಮೆ ಮಾತ್ರ ಕಂಡಿದ್ದ ಮೆಕ್ಯಾನಿಕ್ ಒಬ್ಬನ ಗ್ಯಾರೇಜಿಗೆ ಅದೇ ಮನುಷ್ಯ ಬ್ರೇಕ್ ರಿಪೇರಿಗೆ ಕಾರು ತರುತ್ತಾನೆ. ಅವನಿಗೆ ಇವನ ಗುರುತಿಲ್ಲ. ಮೆಕ್ಯಾನಿಕ್ ಕಾರಿನಡಿ ಮಲಗಿ ಬ್ರೇಕಿನ ಪೈಪಿನ ನಟ್ಟನ್ನು ಎರಡು ಸುತ್ತು ಸಡಿಲಿಸುತ್ತಾನೆ. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಒಂದು ಪುಟ್ಟ ಹುಡುಗಿ ಕೆಳಗಿಳಿದು, ಬಗ್ಗಿ ನೋಡಿ, "ಅಲ್ಲಿ ಕತ್ತಲಿಲ್ಲವಾ?" ಎಂದು ಕೇಳುತ್ತಾಳೆ. ಅವನು ಉತ್ತರಿಸುವುದಿಲ್ಲ. ಕೆಲ ಹೊತ್ತಿನ ಮೇಲೆ ಸ್ಪ್ಯಾನರ್ ಮತ್ತೆ ತಿರುಗುವ ಸದ್ದು ಕೇಳುತ್ತದೆ, ಈ ಸಲ ಬಿಗಿಯುವ ದಿಕ್ಕಿಗೆ. ಹೊರಬಂದು ಕೈ ಒರೆಸಿಕೊಂಡು, ಕಾರಿನವನು ಕೊಟ್ಟ ನೋಟಿಗೆ ಚಿಲ್ಲರೆ ಎಣಿಸಿ ಕೊಡುತ್ತಾನೆ. ಈ ದೃಶ್ಯಕ್ಕೆ ಬೇಕಾದದ್ದು ಒಂದು ಕಾರು, ಮೂವರು ನಟರು, ಒಂದು ಸ್ಪ್ಯಾನರ್. ಇದು ಚೆನ್ನಾಗಿ ಬಂದಿದ್ದರೆ ಅದಕ್ಕೆ ಹಣ ಕಾರಣವಲ್ಲ, ಕೆಟ್ಟಿದ್ದರೂ ಹಣ ಕಾರಣವಲ್ಲ. ಪ್ರತಿ ಸಣ್ಣ ಚಿತ್ರದಲ್ಲಿಯೂ ಬಜೆಟ್ಟಿನ ನೆಪ ಸಲ್ಲದ ಇಂಥ ದೃಶ್ಯ ಒಂದಾದರೂ ಇರುತ್ತದೆ. ಅದನ್ನು ಹಿಡಿದು ಬರೆದರೆ ನಿರ್ದೇಶಕರ, ನಟರ ನಿಜವಾದ ಕಸುವಿನ ಬಗ್ಗೆ ಬರೆದಂತಾಗುತ್ತದೆ.

ಬರೆಯುವಾಗ

ಅದೇ ಕಲ್ಪಿತ ಚಿತ್ರಕ್ಕೆ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: "ಚಿತ್ರ ಚೆನ್ನಾಗಿದೆ. ಮೊದಲಾರ್ಧ ಸ್ವಲ್ಪ ನಿಧಾನ. ನಾಯಕನ ನಟನೆ ಸೂಪರ್. ಕ್ಲೈಮ್ಯಾಕ್ಸ್ ಇನ್ನೂ ಚೆನ್ನಾಗಿ ಮಾಡಬಹುದಿತ್ತು. ಒಮ್ಮೆ ನೋಡಬಹುದು." ಈ ಐದು ವಾಕ್ಯಗಳನ್ನು ಯಾವ ಚಿತ್ರದ ಕೆಳಗೆ ಅಂಟಿಸಿದರೂ ಒಪ್ಪುತ್ತವೆ ಎಂಬುದೇ ಅವುಗಳ ದೋಷ. ಪ್ರತಿ ವಾಕ್ಯದ ಮುಂದೆ "ಎಲ್ಲಿ?" ಎಂದು ಕೇಳಿಕೊಂಡು ಮತ್ತೆ ಬರೆದರೆ ಹೀಗಾಗಬಹುದು:

"ಗ್ಯಾರೇಜಿನ ದೃಶ್ಯಕ್ಕಾಗಿಯಾದರೂ ಈ ಚಿತ್ರವನ್ನು ನೋಡಬೇಕು. ಹುಡುಕುತ್ತಿದ್ದವನು ತಾನಾಗಿಯೇ ಕೈಗೆ ಸಿಕ್ಕಾಗ ನಾಯಕನ ಮನಸ್ಸಿನಲ್ಲಿ ನಡೆಯುವುದನ್ನು ಸ್ಪ್ಯಾನರಿನ ಸದ್ದಿನಿಂದಲೇ ಹೇಳಿದ್ದಾರೆ. ಅಲ್ಲಿಗೆ ಮುಟ್ಟುವ ಮೊದಲು ಅವನು ವಿಳಾಸ ಕೇಳಿಕೊಂಡು ಅಲೆಯುವ ಕಾಲು ಗಂಟೆಯಲ್ಲಿ ಒಂದೇ ಬಗೆಯ ಮಾತುಕತೆ ಮೂರು ಸಲ ಬರುತ್ತದೆ, ಎರಡನ್ನು ಕತ್ತರಿಸಬಹುದಿತ್ತು. ಒಂದು ಮಗುವಿನ ಎದುರು ಕೈ ನಡುಗಿದ ಮನುಷ್ಯ ಕೊನೆಯಲ್ಲಿ ಮೂವರನ್ನು ಒಟ್ಟಿಗೆ ಕೆಡವಿ ನಿಲ್ಲುವುದು ಮಾತ್ರ ಬೇರೆ ಯಾವುದೋ ಚಿತ್ರದಿಂದ ಬಂದಂತಿದೆ. ಒಳಾಂಗಣದ ಕೆಲವು ಮಾತು ಪ್ರತಿಧ್ವನಿಸುತ್ತವೆ. ಎರಡು ಕಡೆ ಹಿಂಸೆ ನೇರವಾಗಿ ಕಾಣುತ್ತದೆ, ಮಕ್ಕಳೊಂದಿಗೆ ನೋಡುವಂಥದ್ದಲ್ಲ."

ಎರಡನೆಯದು ಉದ್ದವಾಗಿದೆ, ನಿಜ. ಆದರೆ ಮೆಚ್ಚಿಗೆಯೂ ದೂರೂ ಅಲ್ಲಿ ಒಂದೇ ಎಳೆಗೆ, ಅಂದರೆ ಆ ಮೆಕ್ಯಾನಿಕ್‌ನ ಕೈಗಳಿಗೆ, ಕಟ್ಟಿಕೊಂಡಿವೆ. ಕ್ಲೈಮ್ಯಾಕ್ಸ್ ಏಕೆ ಸೋತಿತೆಂಬುದು ಓದುಗರಿಗೆ ತಾನಾಗಿಯೇ ಹೊಳೆಯುತ್ತದೆ. ನಿಮ್ಮ ರುಚಿಗೆ ಹೊಂದದ ಓದುಗರಿಗೂ ಅದರಿಂದ ಪ್ರಯೋಜನವುಂಟು: ಒಬ್ಬನೇ ಮೂವರನ್ನು ಕೆಡವುವುದನ್ನು ನೋಡಲೆಂದೇ ಚಿತ್ರಕ್ಕೆ ಹೋಗುವವರಿಗೆ ನಿಮ್ಮ ದೂರೇ ಆಹ್ವಾನವಾಗಬಹುದು.

ಗಮನಿಸಿ, ಹುಡುಗಿಯ ಮಾತನ್ನೂ ನಟ್ಟು ಮತ್ತೆ ಬಿಗಿಯಾದದ್ದನ್ನೂ ಅಭಿಪ್ರಾಯದಲ್ಲಿ ಹೇಳಿಲ್ಲ. ಸ್ಪಾಯ್ಲರ್ ಎಂದರೆ ಕೊನೆಯನ್ನು ಬಯಲು ಮಾಡುವುದು ಮಾತ್ರವೆಂದು ಹಲವರು ತಿಳಿದಿದ್ದಾರೆ. ಸೇಡಿನ ಚಿತ್ರದಲ್ಲಿ ಕೊನೆಗಿಂತ ನಡುವಿನ ಇಂಥ ತಿರುವುಗಳೇ ಹೆಚ್ಚು ಬೆಲೆಯುಳ್ಳವು. ದೃಶ್ಯ ಎಲ್ಲಿ ನಡೆಯುತ್ತದೆ, ಏನು ಪಣಕ್ಕಿದೆ ಎಂದು ಹೇಳಿ, ಏನಾಯಿತೆಂದು ಹೇಳಬೇಡಿ. "ಕೊನೆಯಲ್ಲೊಂದು ದೊಡ್ಡ ಟ್ವಿಸ್ಟ್ ಇದೆ" ಎಂಬ ಮಾತನ್ನೂ ಬಿಡಿ, ಅದನ್ನು ಓದಿದವರು ಇಡೀ ಚಿತ್ರದುದ್ದಕ್ಕೂ ನಾಯಕನ ಸ್ನೇಹಿತನನ್ನೇ ಅನುಮಾನದಿಂದ ನೋಡುತ್ತ ಕೂರುತ್ತಾರೆ. ತಿರುವನ್ನು ಚರ್ಚಿಸಲೇಬೇಕೆಂದಿದ್ದರೆ ಎಚ್ಚರಿಕೆಯ ಸಾಲೊಂದನ್ನು ಮೊದಲು ಬರೆದು, ಕೆಲವು ಸಾಲು ಬಿಟ್ಟು ಮುಂದುವರಿಸಿ.

ಹೊಸ ನಟರ ಬಗ್ಗೆ ಬರೆಯುವಾಗ ಪಾತ್ರವನ್ನು ಕುರಿತು ಬರೆಯಿರಿ, ಅವರ ಮುಖ, ಮೈಬಣ್ಣ, ಮೈಕಟ್ಟುಗಳನ್ನು ಕುರಿತಲ್ಲ. ದೊಡ್ಡ ತಾರೆಯರಿಗೆ ನಿಮ್ಮ ಮಾತು ಮುಟ್ಟದೇ ಹೋಗಬಹುದು. ಮೊದಲ ಚಿತ್ರದಲ್ಲಿ ನಟಿಸಿದವರು ತಮ್ಮ ಬಗ್ಗೆ ಬಂದ ಪ್ರತಿಯೊಂದು ಸಾಲನ್ನೂ ಓದುತ್ತಾರೆ. ಹಾಗೆಂದು ನಟನೆ ಸೋತದ್ದನ್ನು ಮುಚ್ಚಿಡಬೇಕಾಗಿಲ್ಲ. "ಶವಾಗಾರದ ದೃಶ್ಯದಲ್ಲಿ ಅಳು ಬಲವಂತದ್ದೆನಿಸಿತು, ಆದರೆ ಮನೆಗೆ ಬಂದು ಅಕ್ಕನ ಚಪ್ಪಲಿಯನ್ನು ಎತ್ತಿಡುವಾಗ ಅದೇ ನಟ ಏನೂ ಮಾಡದೆ ಗೆದ್ದಿದ್ದಾರೆ" ಎಂಬಂಥ ಮಾತು ಅವರಿಗೂ ಕೆಲಸಕ್ಕೆ ಬರುತ್ತದೆ, ಓದುಗರಿಗೂ ಬರುತ್ತದೆ. ಚಿತ್ರತಂಡದಲ್ಲಿ ನಿಮ್ಮ ಗೆಳೆಯರೋ ನೆಂಟರೋ ಇದ್ದರೆ ಮೊದಲ ಸಾಲಿನಲ್ಲಿಯೇ ತಿಳಿಸಿಬಿಡಿ. ಅಂಥವರು ಅಂಕ ಕೊಡದೆ ಬರಹವನ್ನಷ್ಟೇ ಬರೆಯುವುದು ಇನ್ನೂ ಉತ್ತಮ.

ಹಿಂಸೆಯ ಬಗ್ಗೆ ಮಾತ್ರ ತುಸು ಹೆಚ್ಚು ಎಚ್ಚರ ಬೇಕು. ಸೇಡಿನ ಕಥೆಗಳಲ್ಲಿ ಅನ್ಯಾಯದ ದೃಶ್ಯ, ಅದರಲ್ಲಿಯೂ ಹೆಣ್ಣಿನ ಮೇಲಿನ ಅತ್ಯಾಚಾರದ ದೃಶ್ಯ, ನಾಯಕನ ಕೋಪಕ್ಕೆ ಇಂಧನವಾಗಿ ಮಾತ್ರ ಬಳಕೆಯಾಗುವುದುಂಟು. ಕ್ಯಾಮೆರಾ ಆಕೆಯ ಪಕ್ಕದಲ್ಲಿತ್ತೇ, ಅಪರಾಧಿಯ ಪಕ್ಕದಲ್ಲಿತ್ತೇ, ಆ ಘಟನೆಯ ನಂತರ ಆಕೆಗೆ ಚಿತ್ರದಲ್ಲಿ ಒಂದಾದರೂ ಮಾತಿತ್ತೇ ಎಂಬುದನ್ನು ಬರೆಯಿರಿ. ಇಂಥ ದೃಶ್ಯವಿದೆಯೆಂಬ ಸೂಚನೆಯನ್ನು ಅಭಿಪ್ರಾಯದ ಆರಂಭದಲ್ಲಿಯೇ ಕೊಡುವುದು ಸೌಜನ್ಯ. ಅದನ್ನು ಯಾರೂ ಸ್ಪಾಯ್ಲರ್ ಎನ್ನಲಾರರು.

ಅಂಕವನ್ನು ಕೊನೆಗೆ ಕೊಡಿ, ಬರೆದ ಮೇಲೆ. ಮೊದಲೇ ಕೊಟ್ಟರೆ ಬರಹ ಆ ಅಂಕವನ್ನು ಸಮರ್ಥಿಸುವ ವಕೀಲಿಕೆಯಾಗುತ್ತದೆ. ಬಜೆಟ್ ಕಡಿಮೆಯೆಂದು ಒಂದು ನಕ್ಷತ್ರ ಹೆಚ್ಚಿಗೆ ಸೇರಿಸುವ ಅಭ್ಯಾಸ ನಿಮಗಿದ್ದರೆ, ಅದನ್ನು ಸೇರಿಸಿದ್ದೀರೆಂದು ಬರಹದಲ್ಲಿ ಹೇಳಿ. ಓದುಗರು ಬೇಕಾದರೆ ಕಳೆದುಕೊಳ್ಳುತ್ತಾರೆ. ಚಿತ್ರ ನೋಡಿದ ರಾತ್ರಿಯೇ ಪ್ರಕಟಿಸದೆ ಒಂದು ದಿನ ಬಿಟ್ಟು ನಿಮ್ಮ ಬರಹವನ್ನು ಓದಿಕೊಳ್ಳಿ. ಆಗ ನೆನಪಿಗೆ ಬಾರದ ದೃಶ್ಯವನ್ನು ಹೊಗಳಿದ್ದರೆ ಆ ಸಾಲನ್ನು ತೆಗೆಯಿರಿ. ಬರೆಯದೇ ಬಿಟ್ಟಿದ್ದ ಯಾವುದೋ ದೃಶ್ಯ ಮರುದಿನವೂ ಕಾಡುತ್ತಿದ್ದರೆ ಅದಕ್ಕೊಂದು ಸಾಲು ಸೇರಿಸಿ, ಆಮೇಲೆ ಪ್ರಕಟಿಸಿ.